ಮೂಗಿನ ಟ್ಯೂಬಿನಲ್ಲಿ ಊಟ ಕೊಡುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸಿದ ಕೊಳವೆ) ಇರುವ ರೋಗಿಯನ್ನು ನೋಡಿಕೊಳ್ಳುವವರು ಇದನ್ನು ಓದಿ.

ಪ್ರತಿ ಸಲ ಮೊದಲು ಟ್ಯೂಬಿನ ಮೇಲೆ ಮೂಗಿನ ಹತ್ತಿರ ಇರುವ ಗುರುತು ನೋಡಿ. ಗುರುತು ಸರಿದಿದ್ದರೆ, ಪ್ಲಾಸ್ಟರ್ ಬಿಟ್ಟಿದ್ದರೆ ಏನೂ ಹಾಕಬೇಡಿ, ನರ್ಸಿಗೆ ಫೋನ್ ಮಾಡಿ. ಟ್ಯೂಬ್ ಹೊಟ್ಟೆಯಲ್ಲೇ ಇದೆಯೇ ಎಂದು ತಿಳಿಯಲು ಗಾಳಿ ಊದಿ ಹೊಟ್ಟೆಯಲ್ಲಿ ಸದ್ದು ಕೇಳುವ ಹಳೇ ಕ್ರಮ ನಂಬುವಂಥದ್ದಲ್ಲ. ಟ್ಯೂಬ್ ಶ್ವಾಸಕೋಶದಲ್ಲಿದ್ದರೂ ಸದ್ದು ಬರುತ್ತದೆ.

ತಲೆ ಕಡೆ 30ರಿಂದ 45 ಡಿಗ್ರಿ ಎತ್ತರಿಸಿ, ಊಟ ಮುಗಿದ ಮೇಲೂ ಒಂದು ಗಂಟೆ ಹಾಗೇ ಇರಲಿ. ಸಿರಿಂಜಿನ ದಂಡ ತೆಗೆದು, ಆಹಾರ ತಾನಾಗಿ ಇಳಿಯಲಿ. ಸಾಮಾನ್ಯವಾಗಿ 200ರಿಂದ 250 ಎಂಎಲ್‌ಗೆ 15-20 ನಿಮಿಷ ಬೇಕು. ನಿಮ್ಮ ರೋಗಿಗೆ ಎಷ್ಟೆಂದು ಡಾಕ್ಟರು ಬರೆದದ್ದೇ ಲೆಕ್ಕ. ಮೊದಲು, ಕೊನೆಗೆ 30 ಎಂಎಲ್ ನೀರು. ಕೆಮ್ಮು, ಏದುಸಿರು, ವಾಂತಿ ಬಂದರೆ ತಕ್ಷಣ ನಿಲ್ಲಿಸಿ.

ನಮ್ಮಲ್ಲಿ ಟ್ಯೂಬ್ ಕಟ್ಟಿಕೊಂಡು ಬ್ಲಾಕ್ ಆಗುವುದು ಹೆಚ್ಚಾಗಿ ರಾಗಿ ಮತ್ತು ಕುಚ್ಚಲಕ್ಕಿ ಗಂಜಿಯಿಂದ. ಬಿಸಿಯಿದ್ದಾಗ ನೀರಾಗಿ ಕಾಣುತ್ತದೆ, ಆರುತ್ತಾ ಮೇಲೆ ಪದರ ಕಟ್ಟಿ ಮಂದವಾಗುತ್ತದೆ. ಉಗುರುಬೆಚ್ಚಗೆ ಆದ ಮೇಲೆಯೇ ಸಣ್ಣ ಜರಡಿಯಲ್ಲಿ ಸೋಸಿ. ಈ ಸೆಕೆಗೆ ಮಿಕ್ಕಿದ್ದನ್ನು ಹೊರಗಿಟ್ಟು ಮತ್ತೆ ಕೊಡಬೇಡಿ. ಕಿಡ್ನಿ ತೊಂದರೆ ಇದ್ದವರಿಗೆ ಬೊಂಡದ ನೀರು (ಎಳನೀರು) ಕೇಳದೆ ಬೇಡ, ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ.

ಮಾತ್ರೆಗಳನ್ನು ಒಂದೊಂದಾಗಿ ಪುಡಿಮಾಡಿ, ನಡುವೆ ನೀರು ಹಾಕಿ, ಗಂಜಿಗೆ ಬೆರೆಸಬೇಡಿ. ಹೆಸರಿನ ಜೊತೆ ಎಸ್‌ಆರ್, ಎಕ್ಸ್‌ಆರ್ (ಮದ್ದು ನಿಧಾನವಾಗಿ ಬಿಡುವ ಮಾತ್ರೆ) ಎಂದಿದ್ದರೆ ಪುಡಿ ಮಾಡಲೇಬಾರದು. ಟ್ಯೂಬ್ ಕಟ್ಟಿಕೊಂಡರೆ ಸಿರಿಂಜಿನಲ್ಲಿ ಬೆಚ್ಚಗಿನ ನೀರು ಹಾಕಿ, ಸಿರಿಂಜಿನ ದಂಡವನ್ನು ಮೆಲ್ಲ ಹಿಂದೆ ಮುಂದೆ ಆಡಿಸಿ. ತಂತಿ ತೂರಿಸುವುದು, ಕೋಲಾ ಹಾಕುವುದು ಬೇಡ.

ಬಾಯಲ್ಲಿ ಉಣ್ಣದಿದ್ದರೂ ಬಾಯಿ ದಿನಕ್ಕೆ ಎರಡು ಸಲ ಒರೆಸಲೇಬೇಕು.