ಸುಮಾಗೆ, ಆ ಒಂದು ಸಾಲಿನ ಬಗ್ಗೆ

ಹುಬ್ಬಳ್ಳಿ

ಪ್ರೀತಿಯ ಸುಮಾ,

ನಿನ್ನ ಪತ್ರ ಬಂತು. ಪಕ್ಷದೊಳಗೇ ಇದ್ದು ಅದನ್ನ ಸರಿ ಮಾಡಬೇಕೋ, ಗೆಳೆಯರ ಜೊತೆ ಸೇರಿ ಹೊಸ ಪಕ್ಷ ಕಟ್ಟಬೇಕೋ ಅಂತ ಪುಟಗಟ್ಟಲೆ ಬರೆದಿದ್ದೀಯ. ಅದೆಲ್ಲ ಓದಿಕೊಂಡು ಹೋದೆ. ಕೊನೆಗೆ "ಇಲ್ಲೇ ಇದ್ದರೆ ನಾನೂ ಇವರ ಹಾಗೇ ಆಗ್ತೀನಿ ಕಾಕಾ" ಅಂದಿದ್ದೀಯಲ್ಲ, ಅಲ್ಲಿ ನಿಂತುಬಿಟ್ಟೆ. ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಹೊರಗೆ ಹೋದರೆ ಆ ಭಯ ತಪ್ಪುತ್ತೆ ಅಂತ ನಿನಗೆ ಅನ್ನಿಸಿದೆ. ನನಗೆ ಹಾಗೆ ಅನ್ನೋಕೆ ಧೈರ್ಯ ಇಲ್ಲ. 2012ರ ಡಿಸೆಂಬರ್‌ನಲ್ಲಿ ಯಡಿಯೂರಪ್ಪ ಬಿಜೆಪಿ ಬಿಟ್ಟು ನಮ್ಮ ಹಾವೇರಿಯಲ್ಲೇ ತಮ್ಮ ಹೊಸ ಪಕ್ಷ ಕೆಜೆಪಿಯ ಸಮಾವೇಶ ಮಾಡಿದಾಗ ಎಂಥ ಜನ ಸೇರಿತ್ತು! 2013ರ ಚುನಾವಣೆಯಲ್ಲಿ ಶೇ. 10ರ ಹತ್ತಿರ ಮತ ಬಂತು, ಸೀಟು ಬಂದದ್ದು 6. ಮತ ಚದುರಿದರೆ ನಮ್ಮಲ್ಲಿ ಹಾಗೇ, ಕ್ಷೇತ್ರದಲ್ಲಿ ಮೊದಲು ಬಂದವನಿಗಷ್ಟೇ ಬೆಲೆ. ಬಿಜೆಪಿ 40ಕ್ಕೆ ಇಳಿಯಿತು, ಕಾಂಗ್ರೆಸ್ 122 ಗೆದ್ದು ಸರ್ಕಾರ ಮಾಡಿತು, 2014ರಲ್ಲಿ ಯಡಿಯೂರಪ್ಪ ಬಿಜೆಪಿಗೇ ವಾಪಸ್ ಹೋದರು. ಅದು ಒಬ್ಬ ನಾಯಕನ ಸಿಟ್ಟಿಗೆ ಹುಟ್ಟಿದ ಪಕ್ಷ, ಅದಕ್ಕೂ ನಿನಗೂ ಹೋಲಿಕೆ ಇಲ್ಲ, ಒಪ್ಪಿದೆ.

ರೈತರದ್ದು ಬೇರೆ ಕಥೆ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆದಾಗ ನಾನು ಕಾಲೇಜಿನಲ್ಲಿದ್ದೆ. ಮಲಪ್ರಭಾ ನೀರು ಹೊಲಕ್ಕೆ ಸರಿಯಾಗಿ ಬಾರದಿದ್ದರೂ ಬೆಟರ್‌ಮೆಂಟ್ ಲೆವಿ (ನೀರಾವರಿಯಿಂದ ಜಮೀನಿನ ಬೆಲೆ ಏರಿತು ಅಂತ ಹಾಕೋ ಕರ) ಕಟ್ಟಿ ಅಂದಿದ್ದಕ್ಕೆ ಎದ್ದ ಜನ ಅವರು. ಬೇಡಿಕೆ ಮೊದಲು ಇತ್ತು, ರೈತ ಸಂಘ ಆಮೇಲೆ ಬಂತು. 1989ರಲ್ಲಿ ಆ ಸಂಘದ ಬಾಬಾಗೌಡ ಪಾಟೀಲರು ಕಿತ್ತೂರು, ಧಾರವಾಡ ಗ್ರಾಮೀಣ ಎರಡನ್ನೂ ಗೆದ್ದರು. ಅವರು ಬಿಟ್ಟುಕೊಟ್ಟ ಧಾರವಾಡದಿಂದ ಸಂಘದ ನಾಯಕ ನಂಜುಂಡಸ್ವಾಮಿ ವಿಧಾನಸಭೆಗೆ ಹೋದರು. ನಾವು ಹಿಗ್ಗಿದ್ದೇ ಹಿಗ್ಗಿದ್ದು! 1998ಕ್ಕೆ ನೋಡಿದರೆ ಬಾಬಾಗೌಡರು ಬಿಜೆಪಿಯಿಂದ ಗೆದ್ದು ವಾಜಪೇಯಿ ಸರ್ಕಾರದಲ್ಲಿ ಮಂತ್ರಿ. ಅವರನ್ನ ಬೈಯೋಕೆ ಹೇಳ್ತಿಲ್ಲವ್ವ. ನಿನ್ನ ಆ ಸಾಲು ಓದಿದಾಗ ಇದೇ ನೆನಪಾಯ್ತು.

ಇವರ ಹಾಗೆ ಆಗೋದು ಹೇಗೆ ಅಂತ ಕೇಳಿದರೆ ನನಗೆ ಗೊತ್ತಿರೋದು ಒಂದೇ ಸಂಗತಿ. ನಾನೂ ಪಕ್ಷದ ಕೆಲಸ ಮಾಡ್ತಿದ್ದೆನಲ್ಲ (ಯಾವುದು ಅಂತ ಬಿಡು), ಆಗ ಒಮ್ಮೆ ಟಿಕೆಟ್ ಹಂಚೋ ಸಭೆ. ವರ್ಷಗಟ್ಟಲೆ ಊರೂರು ತಿರುಗಿದ ಗೆಳೆಯನನ್ನ ಬಿಟ್ಟು, ನಿನ್ನೆ ಮೊನ್ನೆ ಕಾರಿನಲ್ಲಿ ಬಂದವನ ಹೆಸರು ಓದಿದರು. ಗೆಳೆಯ ನನ್ನ ಕಡೆ ನೋಡಿದ. ನಾನು ಚಹಾ ಕುಡೀತಿದ್ದೆ, ಕುಡೀತಾನೇ ಇದ್ದೆ. ನನಗೆ ಯಾರೂ ದುಡ್ಡು ಕೊಟ್ಟಿರಲಿಲ್ಲ, ಸುಮ್ನಿರು ಅಂತ ಹೇಳಿರಲೂ ಇಲ್ಲ. ಅವನು ಈಗ ಇಲ್ಲ.

ಒಳಗಿದ್ದೇ ಸರಿ ಮಾಡ್ತೀನಿ ಅಂದರೆ ಜಗಳ ಆಡಬೇಕಾದ್ದು ಅಂಥ ಸಭೆಯಲ್ಲೇ. ಗೆದ್ದ ಮೇಲೆ ಕಷ್ಟ. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ವಿಪ್ (ಹೀಗೇ ಮತ ಹಾಕಿ ಅನ್ನೋ ಪಕ್ಷದ ಆದೇಶ) ಮೀರಿ ಮತ ಹಾಕಿದರೆ ಶಾಸಕ ಸ್ಥಾನಕ್ಕೇ ಕುತ್ತು. ಆದರೆ ಜಗಳ ಆಡು ಅಂತ ನಿನಗೆ ಹೇಳೋಕೆ ನಾನ್ಯಾರು, ಅವತ್ತು ಚಹಾ ಕುಡಿದವನು?

ಹೊಸ ಪಕ್ಷದಿಂದ ವಿಧಾನಸಭೆಗೆ ನಿಂತರೆ ಠೇವಣಿ 10,000 ರೂಪಾಯಿ. ಆರರಲ್ಲಿ ಒಂದು ಪಾಲು ಮತವೂ ಬರದಿದ್ದರೆ ಅದು ವಾಪಸ್ ಸಿಗಲ್ಲ, ಹೋದರೆ ಹೋಯ್ತು. ಅಷ್ಟೂ ಮತ ಬರಲಿಲ್ಲ ಅಂತಾದಾಗ ಗೆಳೆಯರು ಒಬ್ಬೊಬ್ಬರೇ ಜಾರಿಕೊಳ್ತಾರೆ, ಅದು ಜಾಸ್ತಿ ನೋವು.

ಒಂದು ಮಾತು, ಹಿಡಿಸದಿದ್ದರೆ ಬಿಡು. ಗ್ರಾಮ ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇರಲ್ಲ. ನೀವೆಲ್ಲ ಅಲ್ಲಿ ನಿಂತು ನೋಡಬಹುದಲ್ವಾ? ಗುತ್ತಿಗೆದಾರ ನಮ್ಮವನೇ ಆಗಿ, ಆಗದ ಕಾಮಗಾರಿಯ ಬಿಲ್ಲು ತಂದಾಗ ಏನು ಮಾಡ್ತೀರಿ ಅಂತ ನಿಮಗೇ ಗೊತ್ತಾಗುತ್ತೆ. ಸಣ್ಣದಾಯ್ತು ಅನ್ನಿಸಿದರೆ ಸಿಟ್ಟಾಗಬೇಡ, ನನಗೆ ತೋಚಿದ್ದು ಇಷ್ಟೇ.

ಆ ಭಯ ಇನ್ನೂ ಇದೆಯಾ ಅಂತ ದೀಪಾವಳಿಗೆ ಬಂದಾಗ ಕೇಳ್ತೀನಿ. ಇದೆ ಅಂದರೆ ನನಗೆ ಸಮಾಧಾನ. ಅಲ್ಲಿವರೆಗೆ ರಾಜೀನಾಮೆ ಕಳಿಸಬೇಡ. ಕಳಿಸಿಯೇಬಿಟ್ಟಿದ್ದರೆ ಫೋನ್ ಮಾಡಿ ಹೇಳು, ಬೈಯಲ್ಲ.

ನಿನ್ನ ಕಾಕಾ