ಗೆಳೆಯನಿಗೊಂದು ಪತ್ರ: ಕೋರ್ಟಿನ ಸಾಲಿನಲ್ಲಿ ಮೊದಲು ಯಾರು?

ಪ್ರೀತಿಯ ಗೆಳೆಯಾ,

ನಿನ್ನ ಪಟ್ಟಿ ತಲುಪಿತು. ಸಿನಿಮಾದ ಹತ್ತು ಪ್ರಕಾರ, ಒಂದೊಂದಕ್ಕೂ ನಿನ್ನ ಪ್ರಕಾರ ಎಲ್ಲಕ್ಕಿಂತ ಮೇಲಾದ ಒಂದೊಂದು ಸಿನಿಮಾ. ಓದಿದ ರಾತ್ರಿಯೇ ಉತ್ತರ ಬರೆಯಲು ಕೂತಿದ್ದೆ. ಕೋರ್ಟ್ ಡ್ರಾಮಾದ ಸಾಲಿಗೆ ಬಂದಾಗ ಕೈ ನಿಂತುಬಿಟ್ಟಿತು. ನೀನು ಅಲ್ಲಿ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಅಂತ ಬರೆದಿದ್ದೀಯ. ನಾನಾಗಿದ್ದರೆ '12 ಆ್ಯಂಗ್ರಿ ಮೆನ್' ಬರೆಯುತ್ತಿದ್ದೆ. ಬರೀ ಹಟಕ್ಕೆ ವಾದ ಮಾಡಬಾರದೆಂದು ಎರಡನ್ನೂ ಮತ್ತೊಮ್ಮೆ ಕೂತು ನೋಡಿದೆ. ಪತ್ರ ತಡವಾಗಿದ್ದು ಅದಕ್ಕೇ.

ನಿನ್ನ ಬೆನ್ನಿಗೆ ದೊಡ್ಡವರೇ ಇದ್ದಾರೆ, ಗೊತ್ತು. 2008ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಹತ್ತು ಪ್ರಕಾರಗಳಿಗೆ ತಲಾ ಹತ್ತು ಅಮೆರಿಕನ್ ಸಿನಿಮಾ ಆರಿಸಿದಾಗ ಕೋರ್ಟಿನ ಸಾಲಿನಲ್ಲಿ ಮೊದಲು ನಿಂತದ್ದು ನಿನ್ನ ಸಿನಿಮಾ, ಎರಡನೆಯದು ನನ್ನದು. ಆದರೂ ಒಪ್ಪಲು ಮನಸ್ಸು ಬರುತ್ತಿಲ್ಲ. ಕಾರಣ ಹೇಳುತ್ತೇನೆ.

ಒಂದು ಪ್ರಕಾರದಲ್ಲಿ ಮೊದಲನೆಯದು ಯಾವುದು ಅಂತ ಕೇಳುವಾಗ ನನ್ನ ಅಳತೆಗೋಲು ಒಂದೇ: ಸಿನಿಮಾದಿಂದ ಆ ಪ್ರಕಾರವನ್ನು ತೆಗೆದುಬಿಟ್ಟರೆ ಉಳಿಯುವುದೇನು? 'ಮಾಕಿಂಗ್‌ಬರ್ಡ್'ನಿಂದ ಕೋರ್ಟನ್ನು ತೆಗೆ. ಆ ಪುಟ್ಟ ಹುಡುಗಿ ಉಳಿಯುತ್ತಾಳೆ, ಅವಳ ಅಣ್ಣ ಉಳಿಯುತ್ತಾನೆ, ಪಕ್ಕದ ಮನೆಯಿಂದ ಹೊರಗೇ ಬಾರದ ಮನುಷ್ಯನ ಭಯ ಉಳಿಯುತ್ತದೆ. ಬಾಲ್ಯದ ಬಗ್ಗೆ ಒಂದು ಒಳ್ಳೆಯ ಸಿನಿಮಾವೇ ಉಳಿದುಕೊಳ್ಳುತ್ತದೆ. '12 ಆ್ಯಂಗ್ರಿ ಮೆನ್'ನಿಂದ ಜ್ಯೂರಿಯನ್ನು ತೆಗೆ, ಅಂದರೆ ಕೊಲೆ ಆರೋಪ ಹೊತ್ತ ಹುಡುಗನ ತೀರ್ಪನ್ನು ಒಂದು ಕೋಣೆಯಲ್ಲಿ ಕೂತು ನಿರ್ಧರಿಸುವ ಹನ್ನೆರಡು ಸಾಮಾನ್ಯ ಜನರನ್ನು. ಏನೂ ಉಳಿಯುವುದಿಲ್ಲ. ಆ ಹನ್ನೆರಡು ಜನರ ಹೆಸರು ಕೂಡ ನಮಗೆ ಗೊತ್ತಿಲ್ಲ. ಕೊನೆಯಲ್ಲಿ ಮೆಟ್ಟಿಲ ಮೇಲೆ ಇಬ್ಬರು ಹೆಸರು ಹೇಳಿಕೊಂಡು ಬೇರೆಬೇರೆ ದಾರಿ ಹಿಡಿಯುತ್ತಾರೆ, ಅಷ್ಟೇ.

ಈ ಸಲ ನೋಡುವಾಗ ಮಾತಿಗಿಂತ ಕೋಣೆಯ ಕಡೆಗೇ ಗಮನ ಕೊಟ್ಟೆ. ನೀನೂ ಹಾಗೆ ನೋಡು. ಸುಮಾರು ಒಂದೂವರೆ ಗಂಟೆಯ ಸಿನಿಮಾದಲ್ಲಿ ಕ್ಯಾಮೆರಾ ಆ ಕೋಣೆಯಿಂದ ಆಚೆ ಇರುವುದು ಕೆಲವೇ ನಿಮಿಷ. ಆದರೂ ಕೋಣೆ ಹಾಗೇ ಇರುವುದಿಲ್ಲ, ಕುಗ್ಗುತ್ತಾ ಹೋಗುತ್ತದೆ. ನಿರ್ದೇಶಕ ಸಿಡ್ನಿ ಲ್ಯೂಮೆಟ್ ಮೊದಲ ಭಾಗವನ್ನು ಕಣ್ಣಿನ ಮಟ್ಟಕ್ಕಿಂತ ಮೇಲಿಂದ ತೆಗೆದರು, ನಡುವಿನದನ್ನು ಕಣ್ಣಿನ ಮಟ್ಟದಿಂದ, ಕೊನೆಯದನ್ನು ಕೆಳಗಿನಿಂದ. ಜೊತೆಗೆ ಲೆನ್ಸಿನ ಫೋಕಲ್ ಲೆಂಗ್ತನ್ನೂ ಹಂತಹಂತವಾಗಿ ಹೆಚ್ಚಿಸುತ್ತಾ ಹೋದರು; ಅದು ಹೆಚ್ಚಿದಷ್ಟೂ ಹಿಂದಿರುವುದು ಹತ್ತಿರ ಬಂದಂತೆ ಕಾಣುತ್ತದೆ. ಹಾಗಾಗಿ ಹಿಂದಿನ ಗೋಡೆ ಮನುಷ್ಯರ ಬೆನ್ನಿಗೆ ಬಂದು ಅಂಟಿಕೊಳ್ಳುತ್ತದೆ. ಶುರುವಿನಲ್ಲಿ ಕಾಣದ ಸೂರು ಕೊನೆಕೊನೆಗೆ ತಲೆಯ ಮೇಲೇ ಬಂದು ಕೂರುತ್ತದೆ. ಎಲ್ಲ ಮುಗಿದು ಹೊರಗೆ ಬಂದಾಗ ಒಂದು ಅಗಲವಾದ ಶಾಟ್ ಇದೆ, ಮಳೆಯಲ್ಲಿ ನೆಂದ ಮೆಟ್ಟಿಲುಗಳು. ಆಗ ನನಗೆ ನಿಜಕ್ಕೂ ಉಸಿರು ಬಂತು. ಒಬ್ಬ ಹುಡುಗನ ಪ್ರಾಣ ನಿನ್ನ ಒಂದು ಮತದ ಮೇಲಿದೆ ಅನ್ನುವುದು ಎಷ್ಟು ಭಾರ ಎಂಬುದನ್ನು ಭಾಷಣವಿಲ್ಲದೆ, ಲೆನ್ಸಿನಿಂದಲೇ ಹೇಳಿದ ಸಿನಿಮಾ ಇದು. 1957ರಲ್ಲಿ, ಅದೂ ಲ್ಯೂಮೆಟ್ ಅವರ ಮೊದಲ ಸಿನಿಮಾ!

ನಿನ್ನ ಕಡೆಯದನ್ನೂ ಹೇಳಬೇಕು. ತೀರ್ಪು ಬಂದ ಮೇಲೆ ಖಾಲಿ ಕೋರ್ಟಿನಲ್ಲಿ ಆ ವಕೀಲ, ಕಪ್ಪು ಆರೋಪಿಯ ಪರ ವಾದಿಸಿದ ಆ ಹುಡುಗಿಯ ಅಪ್ಪ, ಒಬ್ಬನೇ ಕಾಗದಗಳನ್ನು ಜೋಡಿಸಿಕೊಳ್ಳುತ್ತಾನಲ್ಲ, ಮೇಲೆ ಬಾಲ್ಕನಿಯಲ್ಲಿ ಕಪ್ಪು ಜನ ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಾರಲ್ಲ, ಅದನ್ನು ಹಿಂದಕ್ಕೆ ತಿರುಗಿಸಿ ಎರಡು ಸಲ ನೋಡಿದೆ. ಅವನು ತಲೆಯೆತ್ತಿ ನೋಡುವುದಿಲ್ಲ. ಸೋತ ಮೊಕದ್ದಮೆಗೆ ಅಷ್ಟು ಗೌರವ ಸಿಕ್ಕಿದ್ದು ನಾನು ಬೇರೆಲ್ಲೂ ಕಂಡಿಲ್ಲ. ನೀನು ಆ ದೃಶ್ಯಕ್ಕಾಗಿಯೇ ಮೊದಲ ಸ್ಥಾನ ಕೊಟ್ಟಿದ್ದರೆ ನಿನ್ನ ಮೇಲೆ ನನಗೆ ಸಿಟ್ಟಿಲ್ಲ.

ಆದರೆ ನಾವಿಬ್ಬರೂ ಒಂದನ್ನು ಮರೆತಿದ್ದೇವೆ ಕಣೋ. ಜಪಾನಿನ 'ರಾಶೋಮನ್', 1950. ಅದನ್ನು ಯಾರೂ ಕೋರ್ಟ್ ಡ್ರಾಮಾ ಅನ್ನುವುದಿಲ್ಲ. ಏಕೆ ಅನ್ನಬಾರದು? ಒಂದು ಕೊಲೆ ಇದೆ, ವಿಚಾರಣೆ ಇದೆ, ಒಂದಕ್ಕೊಂದು ಹೊಂದದ ಸಾಕ್ಷಿಗಳಿವೆ. ಸತ್ತವನೂ ಮೈದುಂಬಿದವಳ ಬಾಯಿಂದ ಸಾಕ್ಷಿ ಹೇಳುತ್ತಾನೆ. ಅಂಗಳದಲ್ಲಿ ಕೂತವರು ನೇರ ನಮ್ಮತ್ತ ನೋಡಿ ಮಾತಾಡುತ್ತಾರೆ. ನ್ಯಾಯಾಧೀಶ ಕಾಣುವುದೂ ಇಲ್ಲ, ಅವನ ದನಿ ಕೇಳುವುದೂ ಇಲ್ಲ. ಕೇಳದ ಪ್ರಶ್ನೆಗೆ ಅವರು ಉತ್ತರ ಕೊಡುತ್ತಾರೆ. ಅಂದರೆ ಆ ಪೀಠದಲ್ಲಿ ನಿರ್ದೇಶಕ ಕುರೊಸಾವಾ ಕೂರಿಸಿರುವುದು ನಮ್ಮನ್ನೇ. ತೀರ್ಪು ಕೊಡು ಅನ್ನುತ್ತಾರೆ, ಕೊಡಲು ಆಗುವುದಿಲ್ಲ. ಅಮೆರಿಕದ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲದಿರುವುದು ಸರಿ, ಅದು ಅವರ ಗಡಿ. ನಮಗೇಕೆ ಆ ಗಡಿ? ನನ್ನ ಸಾಲು ಈಗ ಹೀಗಿದೆ: '12 ಆ್ಯಂಗ್ರಿ ಮೆನ್', 'ರಾಶೋಮನ್', ಆಮೇಲೆ ನಿನ್ನದು.

ಅನಿಮೇಷನ್ ಸಾಲನ್ನಂತೂ ಪಟ್ಟಿಯಿಂದಲೇ ತೆಗೆದುಹಾಕು. ನೀನು ಅಲ್ಲಿ ಬರೆದ 'ಸ್ನೋ ವೈಟ್' ಮೇಲೆ ನನಗೇನೂ ಬೇಸರವಿಲ್ಲ. ಅನಿಮೇಷನ್ ಎನ್ನುವುದು ಸಿನಿಮಾ ಮಾಡುವ ವಿಧಾನ, ಕಥೆಯ ಪ್ರಕಾರ ಅಲ್ಲ. 1988ರ ಏಪ್ರಿಲ್‌ನಲ್ಲಿ ಜಪಾನಿನ ಘಿಬ್ಲಿ ಸ್ಟುಡಿಯೋ ಎರಡು ಸಿನಿಮಾಗಳನ್ನು ಒಂದೇ ದಿನ, ಜೋಡಿ ಪ್ರದರ್ಶನವಾಗಿ ಬಿಡುಗಡೆ ಮಾಡಿತು. ಒಂದು 'ಮೈ ನೇಬರ್ ಟೊಟೊರೊ': ಇಬ್ಬರು ಅಕ್ಕತಂಗಿಯರು, ಕಾಡು, ಮರದಡಿ ಮಲಗಿರುವ ದೊಡ್ಡ ಹೊಟ್ಟೆಯ ಪ್ರಾಣಿ. ಇನ್ನೊಂದು 'ಗ್ರೇವ್ ಆಫ್ ದ ಫೈರ್‌ಫ್ಲೈಸ್': ಯುದ್ಧ, ಅನಾಥರಾದ ಅಣ್ಣತಂಗಿ, ಹಸಿವು, ಸಾವು. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಿ ಯಾವುದು ಮೇಲು ಅಂತ ತೂಗುವುದು ಹೇಗೆ? ಎರಡನೆಯದನ್ನು ಯುದ್ಧದ ಸಿನಿಮಾಗಳ ಪಕ್ಕದಲ್ಲಿಡು, ಅದು ಮೊದಲ ಮೂರರೊಳಗೇ ನಿಲ್ಲುತ್ತದೆ. ಬಿಡಿಸಿದ ಚಿತ್ರ ಅನ್ನುವ ಒಂದೇ ಕಾರಣಕ್ಕೆ ಅದನ್ನು ಮಕ್ಕಳ ಸಾಲಿಗೆ ತಳ್ಳುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಚಾಪ್ಲಿನ್ ಅವರ 'ಸಿಟಿ ಲೈಟ್ಸ್' ರೊಮ್ಯಾಂಟಿಕ್ ಕಾಮಿಡಿಯೇ ಅಲ್ಲ ಅಂತ ಬರೆದಿದ್ದೀಯ. ಕಾರಿನ ಬಾಗಿಲನ್ನು ನೆನಪಿಸಿಕೋ. ಅಲೆಮಾರಿ ಪೊಲೀಸನ ಕಣ್ಣು ತಪ್ಪಿಸಲು ನಿಂತಿದ್ದ ಕಾರೊಂದರೊಳಗೆ ನುಗ್ಗಿ ಈ ಬದಿಯ ಬಾಗಿಲಿನಿಂದ ಇಳಿಯುತ್ತಾನೆ. ಬಾಗಿಲು ಮುಚ್ಚುವ ಸದ್ದು ಕೇಳಿ ಹೂ ಮಾರುವ ಕುರುಡಿ ಅವನನ್ನು ಶ್ರೀಮಂತನೆಂದುಕೊಳ್ಳುತ್ತಾಳೆ. ಇಡೀ ಪ್ರೇಮಕಥೆ ನಿಂತಿರುವುದು ಆ ಒಂದು ಸದ್ದಿನ ಮೇಲೆ, ಆದರೆ ಅದು ಮಾತಿಲ್ಲದ ಸಿನಿಮಾ! ಅವಳು ತಪ್ಪು ತಿಳಿಯುವುದು ಹೇಗೆ ಅನ್ನುವುದು ಹೊಳೆಯದೆ ಚಾಪ್ಲಿನ್ ಆ ದೃಶ್ಯವನ್ನು ಮತ್ತೆ ಮತ್ತೆ ತೆಗೆಯುತ್ತಲೇ ಇದ್ದರಂತೆ. ನಗು ಹುಟ್ಟಿಸುವ ತಪ್ಪೇ ಪ್ರೀತಿಯನ್ನೂ ಹುಟ್ಟಿಸುತ್ತದೆ. ಇದಕ್ಕಿಂತ ಹೆಚ್ಚಿನದನ್ನು ಆ ಪ್ರಕಾರ ಏನು ಕೇಳೀತು?

ಎಲ್ಲ ಪ್ರಕಾರಗಳನ್ನೂ ಸೇರಿಸಿ ಒಂದೇ ಪಟ್ಟಿ ಮಾಡೋಣ ಅಂದಿದ್ದೀಯ, ಅದು ಬೇಡ. 'ಸೈಟ್ ಆ್ಯಂಡ್ ಸೌಂಡ್' ಎಂಬ ಬ್ರಿಟಿಷ್ ಸಿನಿಮಾ ಪತ್ರಿಕೆ ಅಂಥ ಪಟ್ಟಿಯನ್ನು 1952ರಿಂದ ಹತ್ತು ವರ್ಷಕ್ಕೊಮ್ಮೆ ಮಾಡುತ್ತಾ ಬಂದಿದೆ. ಅಗ್ರಸ್ಥಾನದಲ್ಲಿ ಮೊದಲ ಸಲ 'ಬೈಸಿಕಲ್ ಥೀವ್ಸ್', ಆಮೇಲೆ ಐದು ಸಲ 'ಸಿಟಿಜನ್ ಕೇನ್', 2012ರಲ್ಲಿ 'ವರ್ಟಿಗೊ', 2022ರಲ್ಲಿ 'ಝಾನ್ ಡೀಲ್‌ಮನ್'. ಈ ಕೊನೆಯದರಲ್ಲಿ ಒಬ್ಬ ವಿಧವೆಯ ಮೂರು ದಿನಗಳಿವೆ, ಮೂರು ಗಂಟೆಗೂ ಮಿಕ್ಕ ಸಿನಿಮಾ. ಎರಡನೆಯ ದಿನ ಅವಳ ಅಚ್ಚುಕಟ್ಟಾದ ದಿನಚರಿ ತಪ್ಪಿ ಆಲೂಗಡ್ಡೆ ಹೆಚ್ಚು ಬೆಂದುಹೋಗುತ್ತದೆ, ಅಲ್ಲಿಂದ ನಮಗೆ ಎದೆ ಢವಢವ. ನಿನ್ನ ಹತ್ತು ಡಬ್ಬಿಗಳಲ್ಲಿ ಅದು ಯಾವುದಕ್ಕೆ ಹೋಗುತ್ತದೆ ಹೇಳು? ನನಗಂತೂ ಹೊಳೆಯಲಿಲ್ಲ.

ಇನ್ನೊಂದು. ಅಮೆರಿಕದವರ ಆ ಹತ್ತು ಪ್ರಕಾರಗಳಲ್ಲಿ ಹಾರರ್ ಇಲ್ಲ, ನೀನೂ ಬಿಟ್ಟಿದ್ದೀಯ. ಅನಿಮೇಷನ್ ತೆಗೆದ ಜಾಗಕ್ಕೆ ಅದನ್ನೇ ಹಾಕೋಣ. ನನ್ನದು 'ಸೈಕೋ'. ನಾಯಕಿ ಎಂದು ನಂಬಿ ಹಿಂದೆ ಹೋದವಳನ್ನು ಅರ್ಧ ದಾರಿಯಲ್ಲೇ ಕೊಂದು, ಇನ್ನು ಯಾರ ಕೈ ಹಿಡಿಯಬೇಕೆಂದು ತಿಳಿಯದಂತೆ ಮಾಡುತ್ತದೆ. ನನಗೆ ಕತ್ತಿಗಿಂತ ಭಯವಾದದ್ದು ಅದು. ನಿನ್ನದು ಯಾವುದು ಅಂತ ಬರೆ. ಬರೆಯುವ ಮುಂಚೆ 'ರಾಶೋಮನ್' ಇನ್ನೊಮ್ಮೆ ನೋಡು, ಕೋರ್ಟಿನ ಸಾಲಿಗೆ ಅದನ್ನು ಸೇರಿಸುತ್ತೀಯೋ ಇಲ್ಲವೋ ಮೊದಲು ತಿಳಿಸು.

ನಿನ್ನ ಗೆಳೆಯ