ಮಂತ್ರಿ ಸಾಹೇಬ್ರ, ಯಾವ್ದು ಔಷಧಿ ಯಾವ್ದು ಬರೇ ಲ್ಯಾಬಿನ ಪುಡಿ ಅಂತ ಮಂದಿಗೆ ಹೇಳ್ರಿ

ಮಾನ್ಯ ಆರೋಗ್ಯ ಮಂತ್ರಿಗಳಿಗೆ,

ಶರಣ್ರಿ ಸಾಹೇಬ್ರ. ಕಲಬುರಗಿ ಜಿಮ್‌ಗಳಾಗ ಪ್ರೋಟೀನ್ ಡಬ್ಬಿ ಮಾತು ಹಳೇದಾತು, ಈಗೇನಿದ್ರೂ ಪೆಪ್ಟೈಡ್, ಅಂದ್ರ ಪ್ರೋಟೀನಿನ ಸಣ್ಣ ತುಂಡಿನಂಥಾ ವಸ್ತು, ಸೂಜಿಲೆ ಚುಚ್ಚಕೊಳ್ಳೋದು. ಹೊಟ್ಟಿ ಕರಗ್ತದ, ವಯಸ್ಸು ಹಿಂದಕ್ಕ ಹೋಗ್ತದ ಅಂತ ವಾಟ್ಸಾಪ್‌ದಾಗ ಪುಡಿ ತುಂಬಿದ ಸಣ್ಣ ಬಾಟ್ಲಿ (ವಯಲ್) ಮಾರ್ಲಾಕತ್ತಾರ, ಲೇಬಲ್ ಮ್ಯಾಲ ನೋಡಿದ್ರ 'ರಿಸರ್ಚ್‌ಗೆ ಮಾತ್ರ, ಮನುಷ್ಯರಿಗಲ್ಲ' ಅಂತ ಸಣ್ಣ ಅಕ್ಷರದಾಗ ಇರ್ತದ.

ಎಲ್ಲಾ ಬಂದ್ ಮಾಡ್ರಿ ಅನ್ಲಾಕ ನಾ ಬರದಿಲ್ಲ. ಇದ್ರಾಗ ಖರೆ ಔಷಧಿನೂ ಅವ. ಸೆಮಗ್ಲುಟೈಡ್‌ದು 2021ರ ಟ್ರಯಲ್‌ದಾಗ 68 ವಾರಕ್ಕ ಸುಮಾರು 15% ತೂಕ ಇಳದದ, ಟಿರ್ಜೆಪಟೈಡ್ ದೊಡ್ಡ ಡೋಸಿಗೆ 72 ವಾರಕ್ಕ 20%ರ ಆಜುಬಾಜು. ಎರಡೂ ನಮ್ಮ ದೇಶದಾಗ ಡಾಕ್ಟರ್ ಚೀಟಿ ಮ್ಯಾಲ ಸಿಗ್ತಾವ. ಹೊಟ್ಟಿ ತೊಳಸೋದು, ವಾಂತಿ ಆಗೋದು ಅದ, ಕೊಬ್ಬಿನ ಜೋಡಿ ಮಾಂಸನೂ ಇಳೀತದ, ಬಿಟ್ರ ತೂಕ ಹೆಚ್ಚಾಗಿ ತಿರುಗಿ ಬರ್ತದ, ಆದ್ರೂ ಸಾವಿರಾರು ಮಂದಿ ಮ್ಯಾಲ ನೋಡಿದ ಔಷಧಿ ಇವು.

ಮಾರೋರು ಭಾಳ ಹೊಗಳೋದು ರೆಟಾಟ್ರುಟೈಡ್‌ಗೆ. 2023ರಾಗ ಹೊರಬಂದ ಎರಡನೇ ಹಂತದ ಟ್ರಯಲ್, 338 ಮಂದಿ, ದೊಡ್ಡ ಡೋಸಿಗೆ 48 ವಾರಕ್ಕ 24% ತೂಕ ಕಡಿಮಿ. ನಂಬರ್ ದೊಡ್ಡದು, ಅದಕ್ಕ ಇದೇ ಚಲೋ ಅಂತ ಹುಡುಗ್ರು ಲೆಕ್ಕ ಹಾಕ್ತಾರ, ಆದ್ರ ಒಂದೊಂದು ಟ್ರಯಲ್‌ದಾಗ ಮಂದಿ ಬ್ಯಾರೆ ವಾರ ಬ್ಯಾರೆ, ಮತ್ತ ಆ 24% ಬಂದದ್ದು ಕಂಪನಿ ತಯಾರಿಸಿದ ಔಷಧಿಯಿಂದ, ಕೊರಿಯರ್‌ದಾಗ ಬಂದ ಪುಡಿಯಿಂದ ಅಲ್ಲ.

ಮುಪ್ಪು ತಡೀತದ ಅನ್ನೋದಂತೂ ಇನ್ನೂ ಪೊಳ್ಳು. ಮಾಟ್ಸ್-ಸಿ ಅನ್ನೋ ಪೆಪ್ಟೈಡ್ 2015ರಾಗ ಗೊತ್ತಾದದ್ದು, ಹೆಚ್ಚಿನ ಮಾತೆಲ್ಲಾ ಇಲಿ ಮ್ಯಾಲಿಂದು. ಬಿಪಿಸಿ-157ದೂ ಅದೇ ಕಥಿ, 2022ರಿಂದ ಆಟದಾಗ ಡೋಪಿಂಗ್ ತಡಿಯೋ ಜಾಗತಿಕ ಸಂಸ್ಥೆ ವಾಡಾ ಅದನ್ನ ಆಟಗಾರರಿಗೆ ಬ್ಯಾಡ ಅಂದದ. ಟೆಸಮೊರೆಲಿನ್‌ಗೆ ಅಮೆರಿಕದಾಗ 2010ರಾಗ ಒಪ್ಪಿಗಿ ಸಿಕ್ತು ಖರೆ, ಅದು ಎಚ್‌ಐವಿ ಇದ್ದೋರ ಹೊಟ್ಟಿ ಕೊಬ್ಬಿಗೆ, ನಮ್ಮ ಬಿಳಿ ಕೂದ್ಲಿಗಲ್ಲ.

ಇನ್ನ ನಮ್ಮ ಬಿಸಿಲು ನಿಮಗ ಗೊತ್ತದ. ಸೆಮಗ್ಲುಟೈಡ್ ಹೊಸ ಪೆನ್ 2ರಿಂದ 8 ಡಿಗ್ರಿ ತಂಪಿನಾಗ ಇಡಬೇಕಂತಾರ, ಇಲ್ಲಿ ಮೇ ತಿಂಗಳದಾಗ ಪಾರ್ಸಲ್ ವ್ಯಾನ್‌ದಾಗ ಬೇಯ್ದ ವಯಲ್‌ಗೆ ಮನ್ಯಾಗ ನೀರು ಕಲಸಿ, ಇನ್ಸುಲಿನ್ ಸಿರಿಂಜ್ ಮ್ಯಾಲಿನ ಗೆರಿ ನೋಡಿ ಅಂದಾಜ್‌ದಾಗ ಚುಚ್ಚಕೋತಾರ. ಒಳಗ ಏನದ, ಎಷ್ಟದ ಯಾರಿಗೂ ಗೊತ್ತಿಲ್ಲ.

ಅದಕ್ಕ ಡ್ರಗ್ಸ್ ಇನ್‌ಸ್ಪೆಕ್ಟರ್‌ರಿಗೆ ಹೇಳಿ ಈ ವಯಲ್ ಸ್ಯಾಂಪಲ್ ತಗೊಂಡು ಟೆಸ್ಟ್ ಮಾಡಸ್ರಿ, ರಿಪೋರ್ಟ್ ಫೈಲಿನಾಗ ಇಡಬ್ಯಾಡ್ರಿ, ಹೊರಗ ಹಾಕ್ರಿ. ಸರಕಾರಿ ದವಾಖಾನಿ ಶುಗರ್ ಓಪಿಡಿ ಮುಂದ ಕನ್ನಡದಾಗ, ಉರ್ದುದಾಗ ಒಂದು ಬೋರ್ಡ್ ಹಚ್ಚಸ್ರಿ, ಚೀಟಿ ಮ್ಯಾಲ ಸಿಗೋವು ಇವು, ಮನುಷ್ಯರಿಗೆ ಮಂಜೂರಿ ಇಲ್ಲದವು ಇವು ಅಂತ ಹೆಸರು ಬರದು. ಮೇ ಬರೋದ್ರೊಳಗ ಆದ್ರ ಚಲೋ.

ಇಂತಿ,
ಕಲಬುರಗಿಯ ಒಬ್ಬ ಮತದಾರ